ಮೂರಡಿ ದೂರದ ಬಣ್ಣ

1940ರ ನಡುಭಾಗದಿಂದ 1943ರ ಆರಂಭದವರೆಗೆ ಯುರೋಪಿನ ರಣರಂಗಕ್ಕೆ ಹೊರಟ ಜರ್ಮನ್ ಟ್ಯಾಂಕುಗಳಿಗೆ ಕಾರ್ಖಾನೆಯಲ್ಲಿ ಬಳಿಯುತ್ತಿದ್ದದ್ದು ಒಂದೇ ಬಣ್ಣ, ಕಡು ಬೂದು. ಜರ್ಮನಿಯ ‘ರಾಲ್’ ಬಣ್ಣಪಟ್ಟಿಯಲ್ಲಿ ಅದು ಇವತ್ತಿಗೂ 7021ನೇ ಸಂಖ್ಯೆಯಲ್ಲಿ ಸಿಗುತ್ತದೆ. ಪಟ್ಟಿ ಅದನ್ನು ಕಪ್ಪುಬೂದು ಎಂದೇ ಕರೆಯುತ್ತದೆ. ಹಾಗಾಗಿ ಈ ಒಂದು ಬಣ್ಣದ ಬಗ್ಗೆ ವಾದಕ್ಕೆ ಜಾಗ ಕಡಿಮೆ. ಆದರೆ ಅದನ್ನೇ ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಬೆರೆಸಿ, ಹೆಬ್ಬೆರಳುದ್ದದ ಪಾಂಜರ್ ಟ್ಯಾಂಕಿಗೆ ಬಳಿದು, ಮೇಜಿನ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದು ನೋಡಿದರೆ ಅಲ್ಲಿ ಇದ್ದಿಲಿನ ತುಂಡೊಂದು ಬಿದ್ದಂತಿರುತ್ತದೆ. ಗೋಪುರ ಎಲ್ಲಿ ಮುಗಿಯಿತು, ಒಡಲು ಎಲ್ಲಿ ಶುರುವಾಯಿತು, ಚಕ್ರಗಳೆಷ್ಟು, ಒಂದೂ ತಿಳಿಯುವುದಿಲ್ಲ. ತಯಾರಕರು ಅಚ್ಚಿನಲ್ಲಿ ಕಷ್ಟಪಟ್ಟು ಕೊರೆದ ಬೋಲ್ಟು, ಕೊಕ್ಕೆ, ಮುಚ್ಚಳದ ಅಂಚುಗಳೆಲ್ಲ ಆ ಕಪ್ಪಿನಲ್ಲಿ ಕರಗಿಹೋಗಿರುತ್ತವೆ. ಬಣ್ಣ ನೂರಕ್ಕೆ ನೂರು ಸರಿ. ಟ್ಯಾಂಕು ಮಾತ್ರ ಕಾಣುತ್ತಿಲ್ಲ.

ಮೇಜಿನ ಮೇಲೆ ಆಡುವ ವಾರ್‌ಗೇಮ್‌ಗೆ ಪುಟಾಣಿ ಸೈನಿಕರನ್ನೂ ವಾಹನಗಳನ್ನೂ ಬಣ್ಣ ಹಚ್ಚಿ ಸಿದ್ಧಪಡಿಸಲು ಹೊರಟವರು ಮೊದಲು ಎಡವುವುದು ಇಲ್ಲೇ. ನಿಜವಾದ ವಸ್ತುವಿನ ಬಣ್ಣವನ್ನು ಹಾಗೆಯೇ ಸಣ್ಣದರ ಮೇಲೆ ಇಳಿಸಿದರೆ ಸಾಕು ಎಂಬ ನಂಬಿಕೆ ಎಲ್ಲರಲ್ಲೂ ಸಹಜವಾಗಿ ಇರುತ್ತದೆ. ಆ ನಂಬಿಕೆ ತಪ್ಪು. ಸಣ್ಣ ವಸ್ತುವಿಗೆ ಹಚ್ಚುವ ಬಣ್ಣ ನಿಜಕ್ಕಿಂತ ತಿಳಿಯಾಗಿರಬೇಕು, ಅದರ ನೆರಳು ನಿಜಕ್ಕಿಂತ ಗಾಢವಾಗಿರಬೇಕು. ವಸ್ತು ಚಿಕ್ಕದಾದಷ್ಟೂ ಈ ಉತ್ಪ್ರೇಕ್ಷೆ ಹೆಚ್ಚಬೇಕು. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಕ್ಷಗಾನದ ಬಣ್ಣದ ವೇಷವನ್ನು, ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಗೇಣು ದೂರದಿಂದ ನೋಡಿದರೆ ಅಕ್ಕಿಹಿಟ್ಟಿನ ಚುಟ್ಟಿ, ಹುಬ್ಬಿನ ಮೇಲಿನ ಕೆಂಪು ಕಪ್ಪು ಗೀಟುಗಳು ಅತಿಯಾಯಿತು ಅನ್ನಿಸುತ್ತವೆ. ಅದೇ ಮುಖ ದೊಂದಿಯ ಬೆಳಕಿನ ರಂಗಸ್ಥಳಕ್ಕೆ ಬಂದಾಗ ಗದ್ದೆಯ ಆಚೆ ಬದಿ ಕೂತವನಿಗೂ ರಾಕ್ಷಸನ ಸಿಟ್ಟು ತಲುಪುತ್ತದೆ. ಮುಖವರ್ಣಿಕೆ ಬರೆಯುವವರು ಬರೆಯುವುದು ಕೊನೆಯ ಸಾಲಿನವನಿಗಾಗಿ. ವಾರ್‌ಗೇಮ್ ಆಡುವವರ ಕೊನೆಯ ಸಾಲು ಸಾಮಾನ್ಯವಾಗಿ ಮೂರಡಿ ದೂರದಲ್ಲಿದೆ, ಅಂದರೆ ಮೇಜಿನ ಅಂಚಿನಲ್ಲಿ ನಿಂತ ಆಟಗಾರನ ಕಣ್ಣಿನಲ್ಲಿ.

ಸ್ವಲ್ಪ ಲೆಕ್ಕ ಹಾಕೋಣ. ಈ ಹವ್ಯಾಸದಲ್ಲಿ ಅಳತೆಯನ್ನು ನಿಂತ ಸೈನಿಕನ ಎತ್ತರದಿಂದ ಹೇಳುವ ರೂಢಿ: 28 ಮಿಲಿಮೀಟರ್, 20, 15, 6. ವಾಹನಗಳಿಗೆ ಅನುಪಾತ: 15 ಮಿಲಿಮೀಟರ್ ಸೈನಿಕನ ಜೊತೆ 1/100ರ ಟ್ಯಾಂಕು, 20ರ ಜೊತೆ 1/72, 6ರ ಜೊತೆ 1/285 ಅಥವಾ 1/300. ಪಾಂಜರ್ ನಾಲ್ಕು ಎಂಬ ಜರ್ಮನ್ ಟ್ಯಾಂಕಿನ ಒಡಲು ಸುಮಾರು 5.9 ಮೀಟರ್ ಉದ್ದ. 1/100ರಲ್ಲಿ ಅದು 59 ಮಿಲಿಮೀಟರ್, 1/285ರಲ್ಲಿ ಬರೀ 21. ಮೂರಡಿ, ಅಂದರೆ 91 ಸೆಂಟಿಮೀಟರ್ ದೂರದಿಂದ 1/285ರ ಟ್ಯಾಂಕನ್ನು ನೋಡುವುದು ಎಂದರೆ ನಿಜವಾದ ಟ್ಯಾಂಕನ್ನು ಸುಮಾರು 260 ಮೀಟರ್ ಆಚೆಯಿಂದ ನೋಡಿದಂತೆ. ಇನ್ನೊಂದು ಮಿತಿ ನಮ್ಮ ಕಣ್ಣಿನದೇ. ಒಳ್ಳೆಯ ದೃಷ್ಟಿಯ ಕಣ್ಣು ಬಿಡಿಸಿ ನೋಡಬಲ್ಲದ್ದು ಒಂದು ಡಿಗ್ರಿಯ ಅರವತ್ತನೇ ಒಂದು ಪಾಲನ್ನು. ಮೂರಡಿಯಲ್ಲಿ ಅದು ಕಾಲು ಮಿಲಿಮೀಟರ್ ಆಗುತ್ತದೆ. ಎರಡು ಸೆಂಟಿಮೀಟರ್ ಅಗಲದ ಗುಂಡಿ 6 ಮಿಲಿಮೀಟರ್ ಸೈನಿಕನ ಅಂಗಿಯ ಮೇಲೆ 0.07 ಮಿಲಿಮೀಟರ್. ಅದನ್ನು ಬರೆಯುವುದು ಬೆನ್ನಿನ ಮೇಲೆ ಹಚ್ಚೆ ಹಾಕಿಸಿ ಅಂಗಿ ತೊಟ್ಟಂತೆ. ಹಾಗೆಂದು ಸಣ್ಣದೆಲ್ಲ ಕಾಣುವುದೇ ಇಲ್ಲ ಎಂದುಕೊಳ್ಳಬಾರದು. ದೂರದ ಬಯಲಿನಲ್ಲಿ ಹಾದುಹೋದ ಕರೆಂಟು ತಂತಿ ಬೆರಳಿನಷ್ಟು ದಪ್ಪವಿದ್ದರೂ ಆಕಾಶದ ಎದುರು ಗೀಟು ಎಳೆದಂತೆ ಕಾಣುತ್ತದೆ. ಅದರ ದಪ್ಪ ನಮಗೆ ತಿಳಿಯದು, ಹಿಂದಿನ ಬೆಳಕಿಗೂ ಅದಕ್ಕೂ ಇರುವ ವ್ಯತ್ಯಾಸ ತಿಳಿಯುತ್ತದೆ. ಟ್ಯಾಂಕಿನ ಅಂಚಿಗೆ ಎಳೆಯುವ ತೆಳು ಬಿಳಿಗೀಟು ಕೆಲಸ ಮಾಡುವುದು ಇದೇ ಕಾರಣಕ್ಕೆ.

ಸಣ್ಣದನ್ನು ಯಾಕೆ ತಿಳಿಯಾಗಿ ಬಳಿಯಬೇಕು ಎಂದು ಕೇಳಿದರೆ ಹವ್ಯಾಸಿಗಳು ಸಾಮಾನ್ಯವಾಗಿ ಕೊಡುವ ಉತ್ತರ ಗಾಳಿಯದು: ದೂರದ ಬೆಟ್ಟ ನೀಲಿಯಾಗಿ ಮಸುಕಾಗುವಂತೆ ದೂರದ ಟ್ಯಾಂಕೂ ಮಸುಕಾಗುತ್ತದೆ ಎಂದು. ಕೇಳಲು ಚೆನ್ನಾಗಿದೆ, ಲೆಕ್ಕಕ್ಕೆ ಮಾತ್ರ ನಿಲ್ಲದು. ಹತ್ತು ಕಿಲೋಮೀಟರ್ ದೂರ ಕಾಣುವ ದಿನ 260 ಮೀಟರ್ ಗಾಳಿ ಕಪ್ಪುಬಿಳಿಯ ವ್ಯತ್ಯಾಸವನ್ನು ಹತ್ತರಲ್ಲೊಂದು ಪಾಲಿನಷ್ಟು ತಗ್ಗಿಸೀತು, ಅಷ್ಟೇ. ನಿಜವಾದ ಕಾರಣಗಳು ಕೋಣೆಯೊಳಗೇ ಇವೆ. ಮನೆಗೆ ಬಣ್ಣ ಹೊಡೆಸಿದವರಿಗೆ ಗೊತ್ತು, ಶೇಡ್ ಕಾರ್ಡಿನ ಪುಟ್ಟ ಚೌಕದಲ್ಲಿ ಮಂಕಾಗಿ ಕಂಡ ಬಣ್ಣ ಗೋಡೆಗೆ ಬಂದಾಗ ತಿಳಿಯಾಗಿ, ಜೋರಾಗಿ ಕಾಣುತ್ತದೆ. ಅದನ್ನೇ ತಿರುಗಿಸಿ ಯೋಚಿಸಿ: ಗೋಡೆಯಷ್ಟು ದೊಡ್ಡ ಟ್ಯಾಂಕಿನ ಬಣ್ಣ ಶೇಡ್ ಕಾರ್ಡಿನ ಚೌಕಕ್ಕಿಂತ ಚಿಕ್ಕ ಮಾದರಿಯ ಮೇಲೆ ಕಪ್ಪಿಡುತ್ತದೆ. ಎರಡನೆಯದು ಬೆಳಕು. ನೇರ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ರಾತ್ರಿ ಟ್ಯೂಬ್‌ಲೈಟಿನ ಕೋಣೆ ಮುನ್ನೂರೋ ಐನೂರೋ. ಅದೂ ಅಲ್ಲದೆ ಸೂರ್ಯ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟೇ ಅಗಲ, ಆದ್ದರಿಂದ ನೆರಳಿಗೆ ಚಾಕುವಿನಂಥ ಅಂಚು. ಆರಡಿ ಮೇಲಿರುವ ನಾಲ್ಕಡಿಯ ಟ್ಯೂಬ್‌ಲೈಟು 35 ಡಿಗ್ರಿಗೂ ಹೆಚ್ಚು ಹರಡಿಕೊಂಡಿರುತ್ತದೆ. ಅದರ ಬೆಳಕು ಗೋಪುರದ ಕೆಳಗೂ ಚಕ್ರಗಳ ನಡುವೆಯೂ ನುಸುಳಿ ನೆರಳನ್ನೆಲ್ಲ ತೊಳೆದುಬಿಡುತ್ತದೆ. ಬಿಸಿಲು ಮಾಡಬೇಕಾದ ಕೆಲಸವನ್ನು ಬ್ರಶ್ಶೇ ಮಾಡಬೇಕಾಗಿ ಬರುವುದು ಅದಕ್ಕೆ. ಮಾದರಿಗಳನ್ನು ಅಂಗಳದ ಬಿಸಿಲಿಗೆ ಒಯ್ದು ಫೋಟೋ ತೆಗೆದರೆ ಒಮ್ಮೆಲೇ ಜೀವ ಬಂದಂತೆ ಕಾಣುವ ಗುಟ್ಟೂ ಇದೇ.

ಇದಕ್ಕೆ ಬರುವ ಮೊದಲ ಆಕ್ಷೇಪ ಇತಿಹಾಸದ ಹೆಸರಿನಲ್ಲಿ. ದಾಖಲೆಯಲ್ಲಿರುವ ಬಣ್ಣವನ್ನು ಮನಸ್ಸಿಗೆ ಬಂದಂತೆ ತಿಳಿಗೊಳಿಸಿದರೆ ಅದು ಐತಿಹಾಸಿಕ ಮಾದರಿ ಹೇಗಾದೀತು? ಆಕ್ಷೇಪಕ್ಕೆ ತೂಕವಿದೆ, ಆದರೆ ಅದು ಇತಿಹಾಸವನ್ನು ಅರ್ಧ ಓದಿ ಎತ್ತಿದ ಆಕ್ಷೇಪ. 1943ರ ಫೆಬ್ರವರಿಯಲ್ಲಿ ಜರ್ಮನ್ ಸೇನೆ ಕಡು ಬೂದನ್ನು ಕೈಬಿಟ್ಟು ಕಡು ಹಳದಿಯನ್ನು ಮೂಲಬಣ್ಣ ಮಾಡಿತು. ಅದರ ಮೇಲೆ ಮರೆಮಾಚುವ ಪಟ್ಟೆ ಬರೆಯಲು ಕೆಂಗಂದು ಮತ್ತು ಆಲಿವ್ ಹಸಿರು ಬಣ್ಣಗಳನ್ನು ಗಟ್ಟಿ ಪೇಸ್ಟಿನ ರೂಪದಲ್ಲಿ ದಳಗಳಿಗೇ ಹಂಚಿತು. ಸೈನಿಕರು ಅದನ್ನು ಪೆಟ್ರೋಲಿನಲ್ಲೋ ನೀರಿನಲ್ಲೋ ಕರಗಿಸಿ, ಸಿಕ್ಕರೆ ಸ್ಪ್ರೇ ಗನ್ನಿನಿಂದ, ಇಲ್ಲದಿದ್ದರೆ ಪೊರಕೆಯಂಥ ಬ್ರಶ್ಶಿನಿಂದ ಬಳಿದರು. ಎಷ್ಟು ನೀರು ಹಾಕಿದರೋ ಅಷ್ಟು ತೆಳುವು. ಮೇಲೆ ರಷ್ಯಾದ ಬೇಸಿಗೆಯ ದೂಳು, ಶರತ್ಕಾಲದ ಕೆಸರು, ಬಿಸಿಲಿಗೆ ಬಿಳಿಚಿದ ಪದರ. ಒಂದೇ ತುಕಡಿಯ ಎರಡು ಟ್ಯಾಂಕುಗಳ ಹಸಿರು ಒಂದೇ ಆಗಿತ್ತೆಂದು ಯಾರೂ ಆಣೆಯಿಡಲಾರರು. ಬಣ್ಣಪಟ್ಟಿಯ ಸಂಖ್ಯೆ ಹೇಳುವುದು ಡಬ್ಬಿಯೊಳಗಿನ ಬಣ್ಣವನ್ನು. ರಣರಂಗದಲ್ಲಿದ್ದ ಬಣ್ಣ ಅದರ ದೂರದ ನೆಂಟ. ಹಳದಿ ಎಲ್ಲಿ, ಹಸಿರು ಎಲ್ಲಿ, ಯಾವ ವರ್ಷ ಯಾವುದಿತ್ತು ಎಂಬುದರಲ್ಲಿ ಇತಿಹಾಸಕ್ಕೆ ನಿಷ್ಠರಾಗಿರಬೇಕು. ಆ ಹಳದಿ ಎಷ್ಟು ತಿಳಿ ಎಂಬುದನ್ನು ಮೇಜು ಮತ್ತು ಕಣ್ಣು ತೀರ್ಮಾನಿಸಲಿ.

ಇನ್ನು ಕೆಲಸಕ್ಕೆ ಇಳಿಯೋಣ. ಅಚ್ಚಿನಿಂದ ಬಂದ ಮಾದರಿಯ ಮೇಲೆ ಎಣ್ಣೆಯ ಅಂಶ ಇರುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ಒಣಗಿಸದಿದ್ದರೆ ಬಣ್ಣ ಹಿಡಿಯುವುದಿಲ್ಲ, ಹಿಡಿದರೂ ಉಗುರಿಗೆ ಎದ್ದುಬರುತ್ತದೆ. ಅಚ್ಚಿನ ಎರಡು ಭಾಗ ಸೇರಿದಲ್ಲಿ ಎದ್ದಿರುವ ಗೀಟನ್ನು ಸಣ್ಣ ಅರದಿಂದಲೋ ಬ್ಲೇಡಿನ ಅಂಚಿನಿಂದಲೋ ಕೆರೆದು ತೆಗೆಯಬೇಕು. ಹಳೆಯ ಲೋಹದ ಮಾದರಿಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಅರದ ಪುಡಿಯನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಕೈ ತೊಳೆದ ಮೇಲೆಯೇ ತಿಂಡಿ ಮುಟ್ಟಿ. ಬ್ರಶ್ಶಿನ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಚಾಳಿಯೂ ಬೇಡ. 1920ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಗಡಿಯಾರದ ಮುಖಕ್ಕೆ ರೇಡಿಯಂ ಬಣ್ಣ ಬರೆಯುತ್ತಿದ್ದ ಹಲವು ಹುಡುಗಿಯರು ಇದೇ ಚಾಳಿಯಿಂದ ದವಡೆ ಕಳೆದುಕೊಂಡು ಸತ್ತರು. ನಮ್ಮ ಬಣ್ಣಗಳಲ್ಲಿ ರೇಡಿಯಂ ಇಲ್ಲ ಎಂಬುದು ಬಣ್ಣ ನೆಕ್ಕುವುದಕ್ಕೆ ನೆಪವಾಗಬಾರದು. ಹಿಡಿದುಕೊಳ್ಳಲು ದೊಡ್ಡ ಸೈನಿಕನನ್ನು ಬಾಟಲಿಯ ಮುಚ್ಚಳಕ್ಕೆ, 6 ಮಿಲಿಮೀಟರಿನವರನ್ನು ಐಸ್‌ಕ್ರೀಂ ಕಡ್ಡಿಗೆ ಸಾಲಾಗಿ, ಎರಡೂ ಬದಿ ಅಂಟುವ ಟೇಪಿನಿಂದ ಅಂಟಿಸಿಕೊಳ್ಳಿ.

ಪ್ರೈಮರ್ ಹಂತದಲ್ಲೇ ಈ ಲೇಖನದ ವಾದ ಕೆಲಸ ಶುರುಮಾಡುತ್ತದೆ. ಕಪ್ಪು ಪ್ರೈಮರ್ ಹೊಡೆದು ಒಣಗಿದ ಮೇಲೆ ನೆತ್ತಿಯ ದಿಕ್ಕಿನಿಂದ ಮಾತ್ರ ಬಿಳಿಯನ್ನು ತೆಳುವಾಗಿ ಸಿಂಪಡಿಸಿದರೆ ಮಧ್ಯಾಹ್ನದ ಬಿಸಿಲು ಎಲ್ಲೆಲ್ಲಿ ಬೀಳುತ್ತದೋ ಅಲ್ಲೆಲ್ಲ ಬಿಳಿ, ಕಂಕುಳು, ಹೊಟ್ಟೆ, ಚಕ್ರಗಳ ಸಂದಿಯಲ್ಲಿ ಕಪ್ಪು ಉಳಿಯುತ್ತದೆ. ಮೇಲೆ ಬರುವ ಬಣ್ಣ ತೆಳುವಾಗಿದ್ದರೆ ಈ ಬಿಸಿಲು ನೆರಳು ಒಳಗಿನಿಂದ ಇಣುಕುತ್ತದೆ. ಸ್ಪ್ರೇ ಡಬ್ಬಿ ಇಲ್ಲದವರು ಬೂದು ಪ್ರೈಮರನ್ನು ಬ್ರಶ್ಶಿನಲ್ಲೇ ಹಚ್ಚಿ, ಒಣಬ್ರಶ್ಶಿನಿಂದ ಬಿಳಿಯನ್ನು ಮೇಲಿಂದ ಕೆಳಕ್ಕೆ ಸವರಿದರೂ ಮುಕ್ಕಾಲು ಪಾಲು ಅದೇ ಫಲ. ಚಿಕ್ಕ ಮಾದರಿಗಳಿಗೆ ಬರೀ ಕಪ್ಪು ಪ್ರೈಮರ್ ಹಚ್ಚಿ ಅದರ ಮೇಲೆ ಕೆಲಸ ಮಾಡಿ ಎಂಬ ಹಳೆಯ ಸಲಹೆಯೊಂದಿದೆ, ಬಿಟ್ಟುಹೋದ ಸಂದಿಗಳೆಲ್ಲ ತಾವಾಗಿ ನೆರಳಾಗುತ್ತವೆ ಎಂದು. 28 ಮಿಲಿಮೀಟರಿಗೆ ಅದು ಸರಿ. ಆರಕ್ಕೆ ಅದೇ ಕಪ್ಪು ಎಲ್ಲ ಬಣ್ಣವನ್ನೂ ಕೆಳಗೆಳೆಯುತ್ತದೆ. ಬಿಳಿಯೋ ತಿಳಿಬೂದೋ ಒಳ್ಳೆಯದು.

ಬಣ್ಣದ ಹದದ ಮಾತಿಗೆ ಬಂದರೆ ಅಡುಗೆಮನೆಯ ಭಾಷೆಯೇ ಸಾಕು. ಮೂಲಬಣ್ಣ ಹಾಲಿನ ಹದದಲ್ಲಿರಲಿ, ಒಂದೇ ಸಲಕ್ಕೆ ಮುಚ್ಚಲಿ ಎಂದು ದೋಸೆಹಿಟ್ಟಿನಂತೆ ಹಚ್ಚಿದರೆ ಮುಖದ ಮೂಗು ಕೂಡ ಮುಳುಗಿಹೋಗುತ್ತದೆ. ತೆಳುವಾಗಿ ಎರಡು ಸಲ, ನಡುವೆ ಒಣಗಲು ಬಿಟ್ಟು. ನೆರಳಿಗಾಗಿ ಮೇಲೆ ಹರಿಸುವ ವಾಶ್ ತಿಳಿಸಾರಿನ ಹದ. ಅದು ತಾನಾಗಿ ಸಂದಿಗೆ ಇಳಿಯಬೇಕು, ಉಬ್ಬಿನ ಮೇಲೆ ನಿಲ್ಲಬಾರದು. ಮಿನಿಯೇಚರ್‌ಗೆಂದೇ ಬರುವ ಆಮದು ಬಣ್ಣಗಳಲ್ಲಿ ವರ್ಣದ ಪುಡಿ ನುಣ್ಣಗಿರುವುದರಿಂದ ಅವು ತೆಳುವಾಗಿದ್ದರೂ ಮುಚ್ಚುತ್ತವೆ, ಬೆಲೆ ಮಾತ್ರ ಕೈ ಸುಡುತ್ತದೆ. ನಮ್ಮ ಸ್ಟೇಷನರಿ ಅಂಗಡಿಯ ಕ್ರಾಫ್ಟ್ ಅಕ್ರಿಲಿಕ್ ಆಗದೇ ಎಂದು ಕೇಳುವವರಿಗೆ ಉತ್ತರ: ಮಾದರಿ ನಿಲ್ಲುವ ಬೇಸ್‌ಗೆ, ನೆಲಕ್ಕೆ, ಒಣಬ್ರಶ್ಶಿಗೆ ಧಾರಾಳವಾಗಿ ಆಗುತ್ತದೆ; ಸೈನಿಕನ ಅಂಗಿಗೂ ಆದೀತು, ಬರೀ ನೀರಿನ ಜಾಗದಲ್ಲಿ ಸ್ವಲ್ಪ ಅಕ್ರಿಲಿಕ್ ಮೀಡಿಯಂ ಸೇರಿಸಿ ತೆಳು ಮಾಡಿಕೊಂಡರೆ. ಮುಖಕ್ಕೂ ತೆಳು ಅಂಚುಗೀಟಿಗೂ ಮಾತ್ರ ನಾಲ್ಕಾರು ಒಳ್ಳೆಯ ಶೀಶೆ ಕೊಂಡುಕೊಳ್ಳುವುದು ಜಾಣತನ. ನಮ್ಮ ಸೆಕೆಗೆ ಹನಿ ಬಣ್ಣ ಐದು ನಿಮಿಷದಲ್ಲಿ ತಟ್ಟೆಯಲ್ಲೇ ಒಣಗುತ್ತದೆ. ಮುಚ್ಚಳವಿರುವ ಚಪ್ಪಟೆ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಸಿ, ಮೇಲೆ ಬೇಕಿಂಗ್‌ಗೆ ಬಳಸುವ ಬಟರ್ ಪೇಪರ್ ಹೊದಿಸಿದರೆ ಅದರ ಮೇಲಿನ ಬಣ್ಣ ದಿನವಿಡೀ ಹಸಿಯಾಗಿರುತ್ತದೆ. ಬ್ರಶ್ಶಿನ ವಿಷಯದಲ್ಲಿ ಹೊಸಬರು ಸೊನ್ನೆಗಳ ಹಿಂದೆ ಬೀಳುತ್ತಾರೆ. ಮೂರು ಸೊನ್ನೆಯ ಅತಿ ಸಣ್ಣ ಬ್ರಶ್ಶಿನಲ್ಲಿ ನಿಲ್ಲುವ ಬಣ್ಣ ಮಾದರಿಗೆ ತಲುಪುವ ಮೊದಲೇ ಒಣಗುತ್ತದೆ. ತುದಿ ಚೂಪಾಗಿರುವ ಒಂದನೇ ನಂಬರಿನ ದುಂಡು ಬ್ರಶ್ಶಿನಿಂದ ಹುಬ್ಬನ್ನೂ ಬರೆಯಬಹುದು.

1/100ರ ಒಂದು ಪಾಂಜರ್ ನಾಲ್ಕನ್ನು, 1943ರ ಬೇಸಿಗೆಯದ್ದನ್ನು, ಕೈಗೆತ್ತಿಕೊಳ್ಳಿ. ಕಡು ಹಳದಿಯ ನಾಲ್ಕು ಹನಿಗೆ ದಂತವರ್ಣದ ಒಂದು ಹನಿ ಸೇರಿಸಿ ಇಡೀ ಟ್ಯಾಂಕಿಗೆ ಬಳಿಯಿರಿ; 1/285 ಆಗಿದ್ದರೆ ಎರಡು ಹನಿಗೆ ಒಂದು. ಇದು ಶುರುವಿನ ಅಂದಾಜು, ಮುಂದಿನದು ನಿಮ್ಮ ದೀಪಕ್ಕೆ ತಕ್ಕಂತೆ. ಅಚ್ಚಬಿಳಿ ಬೇಡ, ಅದು ಬಣ್ಣವನ್ನು ಸುಣ್ಣದಂತೆ ಮಾಡುತ್ತದೆ. ಹಸಿರನ್ನು ತಿಳಿ ಮಾಡಲು ಹಳದಿ, ಕೆಂಪಿಗೆ ಕಿತ್ತಳೆ. ಕೆಂಪಿಗೆ ಬಿಳಿ ಸೇರಿಸಿದವರ ಸೈನ್ಯ ಗುಲಾಬಿ ತೊಟ್ಟು ಯುದ್ಧಕ್ಕೆ ಹೊರಡುತ್ತದೆ. ಎರಡನೇ ಮಿಶ್ರಣದಲ್ಲಿ ಇನ್ನೊಂದು ಹನಿ ದಂತವರ್ಣ ಹೆಚ್ಚಿಸಿ ಆಕಾಶ ನೋಡುವ ತಳಗಳಿಗೆ ಮಾತ್ರ, ಅಂದರೆ ಗೋಪುರದ ಮಾಡು, ಎಂಜಿನ್ ಮೇಲಿನ ಹಲಗೆ, ಚಕ್ರದ ಮೇಲಿನ ಮಡ್‌ಗಾರ್ಡುಗಳಿಗೆ ಹಚ್ಚಿ. ಬದಿಗಳು ಹಾಗೇ ಇರಲಿ. ಇಷ್ಟರಲ್ಲೇ ಮೂರಡಿ ದೂರದಿಂದ ಟ್ಯಾಂಕಿಗೆ ಮೇಲು ಕೆಳಗು ಬಂದಿರುತ್ತದೆ. ಆಮೇಲೆ ಕಂದು ವಾಶ್. ಕಪ್ಪು ವಾಶ್ ಹಳದಿಯನ್ನು ಕೊಳಕು ಮಾಡುತ್ತದೆ, ಕಂದು ಅದನ್ನು ಬೆಚ್ಚಗಿಡುತ್ತದೆ. ಇಡೀ ಟ್ಯಾಂಕನ್ನು ಅದರಲ್ಲಿ ಮೀಯಿಸಬೇಡಿ. ಬ್ರಶ್ಶಿನ ತುದಿಯಿಂದ ಮುಚ್ಚಳದ ಸುತ್ತ, ಗೋಪುರದ ಬುಡ, ಬೋಲ್ಟುಗಳ ಬುಡ, ಚಕ್ರಗಳ ನಡುವೆ ಮುಟ್ಟಿಸಿದರೆ ಅದು ಸಂದಿ ಹಿಡಿದು ತಾನೇ ಓಡುತ್ತದೆ. ಒಣಗಿದ ಮೇಲೆ ಹಳೆಯ ಚಪ್ಪಟೆ ಬ್ರಶ್ಶಿಗೆ ಹಳದಿ ಬೆರೆತ ಬಿಳಿಯನ್ನು ಅದ್ದಿ, ಬಹುಪಾಲು ಬಟ್ಟೆಗೆ ಒರೆಸಿಬಿಟ್ಟು, ಉಳಿದ ಪುಡಿಯಂಥ ಬಣ್ಣವನ್ನು ಅಂಚುಗಳ ಮೇಲೆ ಮೃದುವಾಗಿ ಸವರಿ. ಕೊನೆಗೆ ಕಣ್ಣು ಮೊದಲು ಹುಡುಕುವ ಜಾಗಗಳಿಗೆ, ಅಂದರೆ ಗೋಪುರದ ಮುಂದಿನ ಅಂಚು, ತೋಪಿನ ಬಾಯಿ, ಕಮಾಂಡರನ ಮುಚ್ಚಳದ ಉಂಗುರಕ್ಕೆ, ಕೈ ಗಟ್ಟಿ ಮಾಡಿಕೊಂಡು ಒಂದೊಂದು ತಿಳಿಗೀಟು. ಹತ್ತಿರದಿಂದ ಅದು ಸೀಮೆಸುಣ್ಣದಲ್ಲಿ ಎಳೆದಂತೆ ಕಾಣುತ್ತದೆ. ಕಾಣಲಿ.

ಹಸಿರು ಕಂದು ಪಟ್ಟೆಗಳನ್ನು ವಾಶ್‌ಗೆ ಮೊದಲೇ ಬರೆಯಬೇಕು, ಮತ್ತು ನಿಜಕ್ಕಿಂತ ಕಡಿಮೆ ಸಂಖ್ಯೆಯಲ್ಲಿ, ನಿಜಕ್ಕಿಂತ ಅಗಲವಾಗಿ. ಮರೆಮಾಚುವ ಬಣ್ಣದ ಉದ್ದೇಶವೇ ದೂರದಿಂದ ಆಕಾರವನ್ನು ಒಡೆಯುವುದು. ಅದನ್ನು ನಿಷ್ಠೆಯಿಂದ ನಕಲು ಮಾಡಿದರೆ ಮಾದರಿಯೂ ನಿಷ್ಠೆಯಿಂದ ಮಾಯವಾಗುತ್ತದೆ. ನಿಜವಾದ ಸೈನಿಕನಿಗೆ ಬೇಕಾದದ್ದು ಕಾಣದಿರುವುದು, ಆಟಗಾರನಿಗೆ ಬೇಕಾದದ್ದು ಕಾಣುವುದು, ಇವೆರಡೂ ಒಂದೇ ಬಣ್ಣದಲ್ಲಿ ಈಡೇರವು. ಸಂಖ್ಯೆ, ಶಿಲುಬೆಯಂಥ ಗುರುತುಗಳನ್ನು ನೀರಿನಲ್ಲಿ ನೆನೆಸಿ ಜಾರಿಸುವ ಡೆಕಾಲ್‌ಗಳಿಂದ ಅಂಟಿಸುತ್ತಾರೆ. ಒರಟು ಮ್ಯಾಟ್ ಮೈಮೇಲೆ ಅಂಟಿಸಿದರೆ ಅಡಿಯಲ್ಲಿ ಗಾಳಿ ಉಳಿದು ಬೆಳ್ಳಿಯಂಥ ಪೊರೆ ಹೊಳೆಯುತ್ತದೆ. ಆ ಜಾಗಕ್ಕೆ ಮೊದಲು ಹೊಳೆಯುವ ವಾರ್ನಿಶ್ ಹಚ್ಚಿ, ಡೆಕಾಲ್ ಕೂರಿಸಿ, ಒಣಗಿದ ಮೇಲೆ ಮ್ಯಾಟ್ ವಾರ್ನಿಶ್ ಹಚ್ಚಿದರೆ ಬರೆದದ್ದೇ ಅನ್ನಿಸುವಂತೆ ಕೂರುತ್ತದೆ.

ಈಗಿನ ಹೊಸ ಬಣ್ಣಗಳು ಇಷ್ಟೆಲ್ಲ ಕೆಲಸವನ್ನು ಒಂದೇ ಸಲಕ್ಕೆ ಮುಗಿಸುತ್ತವಲ್ಲ ಎಂಬುದು ಎರಡನೇ ಆಕ್ಷೇಪ. 2019ರಲ್ಲಿ ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ ತನ್ನ ಸಿಟಾಡೆಲ್ ಸರಣಿಯಲ್ಲಿ ‘ಕಾಂಟ್ರಾಸ್ಟ್’ ಬಣ್ಣಗಳನ್ನು ತಂದಿತು. ಆಮೇಲೆ ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ತಿಳಿ ಪ್ರೈಮರ್ ಮೇಲೆ ಒಮ್ಮೆ ಹಚ್ಚಿದರೆ ಬಣ್ಣ ಉಬ್ಬಿನಿಂದ ಜಾರಿ ತಗ್ಗಿಗೆ ಸೇರುತ್ತದೆ, ಉಬ್ಬು ತಿಳಿ, ತಗ್ಗು ಗಾಢ. ಈ ಬಣ್ಣಗಳನ್ನು ಮೂಗು ಮುರಿದು ದೂರುವ ಹಳಬರಿದ್ದಾರೆ. ಅವರ ದೂರಿನಲ್ಲಿ ಹುರುಳಿಲ್ಲ. ವಾಸ್ತವವಾಗಿ ಈ ಬಣ್ಣಗಳ ಯಶಸ್ಸೇ ನಮ್ಮ ವಾದಕ್ಕೆ ಸಾಕ್ಷಿ: ನೆರಳು ಬೆಳಕನ್ನು ಹೆಚ್ಚಿಸಿದ ಕೂಡಲೇ ಹೊಸಬರ ಸೈನ್ಯವೂ ಮೇಜಿನ ಮೇಲೆ ಎದ್ದು ಕಾಣತೊಡಗಿತು. ಬಟ್ಟೆಯ ನೆರಿಗೆ, ಕುದುರೆಯ ಕೇಸರ, ತುಪ್ಪಳ, ಮುಖ, ಹೀಗೆ ಏರಿಳಿತ ಇರುವಲ್ಲೆಲ್ಲ ಇವು ಚೆನ್ನ. ಟ್ಯಾಂಕಿನ ಚಪ್ಪಟೆ ಉಕ್ಕಿನ ಹಲಗೆಯ ಮೇಲೆ ಮಾತ್ರ ಇಳಿಯಲು ತಗ್ಗೇ ಇಲ್ಲದೆ ಬಣ್ಣ ನಡುವೆ ಮಡುಗಟ್ಟಿ, ಗೋಡೆಗೆ ಮಳೆನೀರು ಇಳಿದಂತೆ ಕಲೆಕಲೆಯಾಗುತ್ತದೆ. ಆದ್ದರಿಂದ ಸೈನಿಕರಿಗೆ ಅದು, ವಾಹನಗಳಿಗೆ ಮೇಲೆ ಹೇಳಿದ ಹಳೆಯ ದಾರಿ. ಟ್ಯಾಂಕಿನ ಮೇಲೆ ಹಗ್ಗ, ಮಡಿಸಿದ ತಾಡಪಾಲು, ಮೂಟೆ ಇದ್ದರೆ ಅವಕ್ಕೆ ಕಾಂಟ್ರಾಸ್ಟ್ ಒಂದು ಹನಿ ಸಾಕು.

ಹೊಳಪಿನ ಗಾಢ ಬಣ್ಣದ ಸೈನಿಕರು ಹೊಸದೇನಲ್ಲ. 1893ರಲ್ಲಿ ಇಂಗ್ಲೆಂಡಿನ ಬ್ರಿಟನ್ಸ್ ಕಂಪನಿ ಒಳಗೆ ಪೊಳ್ಳಾದ ಸೀಸದ ಸೈನಿಕರನ್ನು ಎರಕ ಹೊಯ್ಯಲು ಶುರುಮಾಡಿತು; ನುಣುಪು ಹೊಳಪಿನ ಕೆಂಪು, ನೀಲಿ, ಕೆನ್ನೆಗೆ ಗುಲಾಬಿ ಚುಕ್ಕೆ. ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದು ಮನೆಯ ನೆಲದ ಮೇಲೆ ಆಡುವ ಯುದ್ಧಕ್ಕೆ ನಿಯಮ ಕಟ್ಟಿದ್ದು ಇಂಥ ಸೈನಿಕರನ್ನು ಇಟ್ಟುಕೊಂಡೇ. ನಿಂತ ಮನುಷ್ಯನ ಕಣ್ಣಿಗೂ ನೆಲದ ಸೈನಿಕನಿಗೂ ಐದಡಿ ಅಂತರ. ಆ ಕೆಂಪು ಅಷ್ಟು ದೂರಕ್ಕೆ ಅಳೆದು ಹಚ್ಚಿದಂತಿದೆ. ಆಮೇಲೆ ಬಂದ ಹವ್ಯಾಸಿಗಳು ನೈಜತೆಯ ಹಂಬಲದಲ್ಲಿ ಖಾಕಿ, ಕಂದು, ಬೂದುಗಳಿಗೆ ಇಳಿದು ಈ ಪಾಠ ಮರೆತರು, ಮತ್ತೆ ಕಲಿಯಲು ದಶಕಗಳೇ ಹಿಡಿದವು. 6 ಮಿಲಿಮೀಟರ್ ಸೈನಿಕನಿಗೆ ಇವತ್ತೂ ಐದು ಬಣ್ಣ ಸಾಕು: ಅಂಗಿಗೆ, ಚಲ್ಲಣಕ್ಕೆ, ಮುಖ ಕೈಗಳಿಗೆ, ಬಂದೂಕಿಗೆ, ಟೋಪಿಗೆ ಒಂದೊಂದು. ಅವನ ತಲೆಯೇ 0.8 ಮಿಲಿಮೀಟರ್, ಕಣ್ಣು ಬರೆಯಲು ಹೋದರೆ ಮುಖಕ್ಕೆ ಬೂದು ಬಳಿದಂತಾಗುತ್ತದೆ. ತಿಳಿ ಚರ್ಮದ ಬಣ್ಣದ ಒಂದು ಚುಕ್ಕೆ ಮುಖದ ಜಾಗದಲ್ಲಿ, ಒಂದೊಂದು ಕೈಗಳ ಜಾಗದಲ್ಲಿ ಇಟ್ಟರೆ ಮೂರಡಿ ದೂರದ ಕಣ್ಣು ಉಳಿದದ್ದನ್ನು ತಾನೇ ತುಂಬಿಕೊಂಡು ಮನುಷ್ಯ ಎಂದು ಓದುತ್ತದೆ.

ಮೂರನೇ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು. ಇಷ್ಟು ಉತ್ಪ್ರೇಕ್ಷೆ ವ್ಯಂಗ್ಯಚಿತ್ರದಂತೆ ಕಾಣುವುದಿಲ್ಲವೇ, ಅದರಲ್ಲೂ ಎಲ್ಲರೂ ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸುವ ಈ ಕಾಲದಲ್ಲಿ? ಕಾಣುತ್ತದೆ. ಎರಡು ಸೆಂಟಿಮೀಟರಿನ ಟ್ಯಾಂಕನ್ನು ಪರದೆಯ ಮೇಲೆ ಅಂಗೈಯಗಲ ಹಿಗ್ಗಿಸಿದರೆ ಯಾರ ಕೈಕೆಲಸವೂ ಒರಟಾಗಿಯೇ ಕಾಣಬೇಕು. ಆ ಫೋಟೋ ತೋರಿಸುವುದು ಚೌಕಿಯ ಮುಖವನ್ನು. ಫೋಟೋಗಾಗಿ ಅಂಚುಗಳನ್ನು ಮೆದುಗೊಳಿಸುತ್ತಾ ಹೋದವರ ಸೈನ್ಯ ಮೇಜಿನ ಮೇಲೆ ಮಂಕಾಗಿ ಕೂರುತ್ತದೆ. ಆದರೆ ಒಂದು ಮಾತನ್ನು ಒಪ್ಪಲೇಬೇಕು. 1/35ರ ಪ್ರದರ್ಶನ ಮಾದರಿಯನ್ನು ಕೈಗೆತ್ತಿಕೊಂಡು ಗೇಣು ದೂರದಿಂದ ಸವಿಯುವವರಿಗೆ ಈ ಲೇಖನದ ಪ್ರಮಾಣಗಳು ಹೊಂದುವುದಿಲ್ಲ. ಅಲ್ಲಿ ತಿಳಿಗೊಳಿಸುವುದು ಅಲ್ಪ ಸಾಕು, ಅಂಚಿನ ಗೀಟು ಇದೆಯೋ ಇಲ್ಲವೋ ಅನ್ನಿಸಬೇಕು, ಕಣ್ಣಿನ ಗುಡ್ಡೆಯನ್ನೂ ಬರೆಯಬಹುದು. ನೋಡುವ ದೂರ ಬದಲಾದರೆ ಬಣ್ಣವೂ ಬದಲಾಗಬೇಕೆಂಬ ಮಾತಿಗೆ ಅದೂ ಒಂದು ಉದಾಹರಣೆಯೇ. ತೊಂದರೆ ಬರುವುದು ಪ್ರದರ್ಶನ ಮಾದರಿಯವರ ಪಾಠಗಳನ್ನು ಓದಿ ಇಂಚುದ್ದದ ಟ್ಯಾಂಕಿಗೆ ಪ್ರಯೋಗಿಸಿದಾಗ.

ಬಹಳ ಜನ ಬೇಸನ್ನು ಕೊನೆಯ ಗಳಿಗೆಯ ಕೆಲಸ ಮಾಡಿಕೊಳ್ಳುತ್ತಾರೆ. ಸಣ್ಣ ಅಳತೆಯಲ್ಲಿ ಅದು ದೊಡ್ಡ ತಪ್ಪು. 30 ಮಿಲಿಮೀಟರ್ ಚೌಕದ ಬೇಸಿನ ಮೇಲೆ ಎಂಟು ಹತ್ತು ಪುಟಾಣಿಗಳು ನಿಂತಾಗ ಕಣ್ಣಿಗೆ ಬೀಳುವ ಬಣ್ಣದಲ್ಲಿ ಹೆಚ್ಚಿನ ಪಾಲು ನೆಲದ್ದೇ. ಫೆವಿಕಾಲ್ ಸವರಿ, ಜರಡಿ ಹಿಡಿದ ನಯ ಮರಳು ಉದುರಿಸಿ, ಒಣಗಿದ ಮೇಲೆ ಕಂದು ಬಳಿದು, ಹುಲ್ಲಿನ ಬಣ್ಣದ ಒಣಬ್ರಶ್. ಕುದಿಸಿ ಒಣಗಿಸಿದ ಚಹಾಪುಡಿ ತರಗೆಲೆಯಂತೆ ಕಾಣುತ್ತದೆ, ಅದಕ್ಕೂ ವಾರ್ನಿಶ್ ಬೇಕು, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ಕಡುಬಣ್ಣದ ಸೈನ್ಯಕ್ಕೆ ತಿಳಿ ನೆಲ, ತಿಳಿಬಣ್ಣದ ಸೈನ್ಯಕ್ಕೆ ಕಡು ನೆಲ. ವಾರ್ನಿಶ್ ಸ್ಪ್ರೇ ಮಾಡುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮುಖ್ಯವಾಗಿ ಮಂಗಳೂರು, ಕಾರವಾರದ ಕಡೆ, ಜಾಗ್ರತೆಯಾಗಿರಬೇಕು. ತೇವದ ಗಾಳಿಯಲ್ಲಿ ಮ್ಯಾಟ್ ವಾರ್ನಿಶ್ ಮಂಜು ಕವಿದಂತೆ ಬಿಳುಪೇರಿ ತಿಂಗಳ ಕೆಲಸವನ್ನು ನಿಮಿಷದಲ್ಲಿ ಕೆಡಿಸುತ್ತದೆ. ಮಳೆಗಾಲಕ್ಕೆ ಬ್ರಶ್ಶಿನಿಂದ ಹಚ್ಚುವ ವಾರ್ನಿಶ್ಶೇ ಕ್ಷೇಮ. ಮಂಜು ಕವಿದೇಬಿಟ್ಟಿದ್ದರೆ ಒಣ ದಿನ ನೋಡಿ ಅದರ ಮೇಲೆ ಹೊಳೆಯುವ ವಾರ್ನಿಶ್ ತೆಳುವಾಗಿ ಹಚ್ಚಿದರೆ ಹಲವು ಸಲ ತಿಳಿಯಾಗುತ್ತದೆ.

ಈ ಎಲ್ಲಕ್ಕೂ ಕಠಿಣ ಪರೀಕ್ಷೆ ಬೇಕೆನ್ನುವವರು ಮೈಸೂರು ಲ್ಯಾನ್ಸರ್‌ಗಳನ್ನು 15 ಮಿಲಿಮೀಟರಿನಲ್ಲಿ ಬಳಿದು ನೋಡಲಿ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಜೋಧಪುರದವರ ಜೊತೆ ಹಿಡಿದ ಸವಾರರು ಅವರು. ಕೆಲವು ಕಂಪನಿಗಳು ಆ ಕಾಲದ ಭಾರತೀಯ ಅಶ್ವದಳದ ಮಾದರಿಗಳನ್ನು ಎರಕ ಹೊಯ್ಯುತ್ತವೆ. ಖಾಕಿ ಅಂಗಿ, ಖಾಕಿ ರುಮಾಲು, ಕಂದು ಕುದುರೆ, ಕಂದು ಚರ್ಮದ ಪಟ್ಟಿ, ಮರಳು ನೆಲ. ಇದ್ದದ್ದನ್ನು ಇದ್ದಂತೆ ಬಳಿದರೆ ಮೂರಡಿಯಿಂದ ಬೆಲ್ಲದ ಅಚ್ಚಿನ ಸಾಲು. ಆದ್ದರಿಂದ ಸವಾರರು ಎದ್ದು ಕಾಣಲೆಂದು ಕುದುರೆಗಳನ್ನು ಮೊದಲು ಮುಗಿಸಿ, ನಿಜಕ್ಕಿಂತ ಒಂದು ಪಟ್ಟು ಗಾಢವಾಗಿ: ಕೆಂಗಂದಿನ ಮೇಲೆ ಕಡುಗಂದು ವಾಶ್, ಕೇಸರ ಬಾಲಗಳು ಕಪ್ಪು. ಅಂಗಿಯ ಖಾಕಿಗೆ ಮೂರಕ್ಕೊಂದು ದಂತವರ್ಣ ಬೆರೆಸಿ, ರುಮಾಲಿಗೆ ಇನ್ನೂ ತಿಳಿ, ಪಟ್ಟಿಗಳಿಗೆ ಕೆಂಪು ಬೆರೆತ ಕಂದು. ಮುಖಕ್ಕೆ ಬೆಚ್ಚನೆಯ ಕಂದು, ಮೂಗು ಕೆನ್ನೆಯ ಮೇಲೆ ಅದಕ್ಕೆ ಕಿತ್ತಳೆ ಬೆರೆಸಿದ ಒಂದು ಚುಕ್ಕೆ. ಇಲ್ಲಿ ದಂತವರ್ಣ ಬೆರೆಸಿದರೆ ಮುಖಕ್ಕೆ ಬೂದಿ ಮೆತ್ತಿದಂತಾಗುತ್ತದೆ. ನೆಲವನ್ನು ಮರಳಿನ ಬಣ್ಣಕ್ಕೆ ಬಿಡದೆ ಕೆಮ್ಮಣ್ಣಿನ ಕಡೆಗೆ ಒಯ್ದು, ಅಲ್ಲಲ್ಲಿ ಒಣಹುಲ್ಲಿನ ತೇಪೆ ಅಂಟಿಸಿ. ಬಿದಿರಿನ ಈಟಿಗಳನ್ನು ಎಲ್ಲರ ಕೊನೆಗೆ, ಒಣಹುಲ್ಲಿನ ಹಳದಿಯಲ್ಲಿ, ಬೆಳಕು ಬೀಳುವ ಬದಿಗೆ ಉದ್ದಕ್ಕೂ ಒಂದು ತಿಳಿಗೀಟು ಎಳೆದು ಮುಗಿಸಿ. ತುದಿಯ ಉಕ್ಕಿಗೆ ಬೆಳ್ಳಿಬಣ್ಣ ಹಚ್ಚಿದರೆ ಕೋಣೆಯ ಬೆಳಕಿನಲ್ಲಿ ಬೂದಾಗಿ ಸಾಯುತ್ತದೆ, ಅಲ್ಲಿಗೆ ಅಚ್ಚಬಿಳಿಯ ಒಂದು ಚುಕ್ಕೆ.